ಫೋಟೋ ಹಿಂದೆ ಬರೆದಿದ್ದ ‘ದೊಡ್ಡಮ್ಮ’: ಒಂದು ಕುಟುಂಬದ ಪ್ರಕರಣ ಅಧ್ಯಯನ

ಇದು ನಾನು ಸೊಸೆಯಾಗಿ ಸೇರಿದ ಮನೆಯಲ್ಲಿ ನಡೆದಿದ್ದು. ಹೆಸರು ಯಾವುದೂ ಬರೆದಿಲ್ಲ, ಊರು ಬರೆದಿಲ್ಲ, ವರ್ಷಗಳನ್ನೆಲ್ಲ ಒಂದಷ್ಟು ಹಿಂದೆ ಮುಂದೆ ಜರುಗಿಸಿದೀನಿ, ಆದ್ರೆ ಒಂದು ವರ್ಷಕ್ಕೂ ಇನ್ನೊಂದು ವರ್ಷಕ್ಕೂ ನಡುವೆ ಇರೋ ಅಂತರ ಮಾತ್ರ ಹಾಗೇ ಇಟ್ಟಿದೀನಿ, ಯಾಕಂದ್ರೆ ಈ ಪ್ರಕರಣ ನಿಂತಿರೋದೇ ಆ ಅಂತರದ ಮೇಲೆ. ಬರೆಯೋಕೆ ಮುಂಚೆ ಅಜ್ಜಿನ ಕೇಳಿದೆ, ಆಲ್ಬಮ್ ಇಟ್ಕೊಂಡಿದ್ದ ಅತ್ತೆನೂ ಕೇಳಿದೆ. ಇಬ್ಬರೂ ಹೂಂ ಅಂದ್ಮೇಲೇ ಬರೀತಿರೋದು. ಹಳೇ ಫೋಟೋ, ವಂಶವೃಕ್ಷ, ಫ್ಯಾಮಿಲಿ ಗ್ರೂಪು ಇವುಗಳ ಜೊತೆ ಒದ್ದಾಡ್ತಿರೋ ಬೇರೆಯವರಿಗೆ ಏನಾದ್ರೂ ಸಿಗಬಹುದು ಅನ್ನೋ ಆಸೆ.

ಮನೆಯ ಹಿನ್ನೆಲೆ

ನಾಲ್ಕು ತಲೆಮಾರಿನ ಅರವತ್ತಕ್ಕೂ ಹೆಚ್ಚು ಜನ ಒಂದು ಚಾಟ್ ಗ್ರೂಪಲ್ಲಿ ಇದೀವಿ. ಯಾರಿಗೆ ಮಗು ಆಯ್ತು, ಯಾರ ರಿಸಲ್ಟ್ ಬಂತು, ಯಾರು ಆಸ್ಪತ್ರೆ ಸೇರಿದ್ರು ಎಲ್ಲ ಅಲ್ಲೇ. ನಡುನಡುವೆ ಯಾರಾದ್ರೂ ಹಳೇ ಫೋಟೋ ಹಾಕ್ತಾರೆ, ಅವತ್ತು ದಿನವಿಡೀ ಮಾತು ನಿಲ್ಲಲ್ಲ.

ವಂಶವೃಕ್ಷ ನೋಡ್ಕೊಳ್ಳೋಳು ನಾನು. ಹೊರಗಿಂದ ಬಂದವಳಾದ್ದರಿಂದ ಯಾರು ಯಾರಿಗೆ ಏನಾಗಬೇಕು ಅಂತ ತಿಳ್ಕೊಳ್ಳೋಕೆ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ಳೋಕೆ ಶುರು ಮಾಡಿದ್ದು, ಅದು ಬೆಳೀತಾ ಬೆಳೀತಾ ಸಾಫ್ಟ್‌ವೇರಿಗೆ ಹೋಯ್ತು. ನಾನು ಬಳಸಿದ್ದು ಹಳೇ ನಂಬರಿಂಗ್ ಪದ್ಧತಿ: ಯಾರಿಂದ ಶುರು ಮಾಡ್ತೀವೋ ಅವರು 1, ಅವರ ಅಪ್ಪ 2, ಅಮ್ಮ 3, ಆಮೇಲೆ ಯಾರದ್ದೇ ಆಗಲಿ ನಂಬರನ್ನ ಎರಡರಷ್ಟು ಮಾಡಿದ್ರೆ ಅವರ ಅಪ್ಪ, ಅದಕ್ಕೆ ಒಂದು ಸೇರಿಸಿದ್ರೆ ಅವರ ಅಮ್ಮ. 1590ರಲ್ಲೇ ಮಿಶೆಲ್ ಐಟ್ಸಿಂಗರ್ ಅನ್ನೋರು ಇದನ್ನ ಪುಸ್ತಕದಲ್ಲಿ ಬಳಸಿದ್ರು, ಇವತ್ತಿಗೂ ನಡೀತಿದೆ. ನನ್ನ ಗಂಡ 1, ಅವರಮ್ಮ 3, ಅಮ್ಮನ ಅಮ್ಮ ಅಂದ್ರೆ ನಮ್ಮ ಅಜ್ಜಿ 7, ಅಜ್ಜಿಯ ಅಪ್ಪ 14, ಅಜ್ಜಿಯ ಅಮ್ಮ 15. ತುಂಬಾ ಅಚ್ಚುಕಟ್ಟು. ಆದ್ರೆ ಇದರಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಅಪ್ಪ ಒಬ್ಬಳು ಅಮ್ಮ ಅಷ್ಟೇ, 14ನೇ ನಂಬರಿನವರಿಗೆ ಇನ್ನೊಬ್ಬ ಹೆಂಡತಿ ಇದ್ರೆ ಆಕೆಗೆ ನಂಬರೇ ಇಲ್ಲ. ಇದು ನನಗೆ ಆಗ ಹೊಳೀಲೇ ಇಲ್ಲ.

ಫೋಟೋಗಿಂತ ಮುಂಚೆ ಆಗಿದ್ದು

ಇದನ್ನ ಬಿಟ್ಟು ಫೋಟೋ ಕಥೆ ಹೇಳೋಕಾಗಲ್ಲ. ಅಜ್ಜಿಗೆ ಒಬ್ಬ ಅಣ್ಣ ಇದ್ರು, ಮನೆಗೆಲ್ಲ ಹಿರಿಯರು. ಒಂದಿನ ರಾತ್ರಿ ತೀರ್ಕೊಂಡ್ರು. ಪಕ್ಕದಲ್ಲಿದ್ದ ಸಂಬಂಧಿಕರೊಬ್ಬರು ಎಲ್ಲರಿಗೂ ಬೇಗ ತಿಳೀಲಿ ಅನ್ನೋ ಒಳ್ಳೇ ಮನಸ್ಸಿಂದಲೇ ಗ್ರೂಪಲ್ಲಿ ಎರಡು ಸಾಲು ಹಾಕಿದ್ರು. ಹದಿನೈದು ನಿಮಿಷದಲ್ಲಿ ನಲವತ್ತು ಸಂತಾಪ, ಕೈ ಮುಗಿಯೋ ಚಿತ್ರಗಳು, ಹಳೇ ನೆನಪುಗಳು. ಅವರ ಮಗಳು ದೂರದಲ್ಲಿ ಕೆಲಸದಲ್ಲಿದ್ರು, ಫೋನ್ ಸೈಲೆಂಟಲ್ಲಿತ್ತು, ಶಿಫ್ಟ್ ಮುಗಿಸಿ ತೆಗೆದು ನೋಡಿದಾಗ ಅಪ್ಪ ಇಲ್ಲ ಅನ್ನೋದು ಅವರಿಗೆ ಗೊತ್ತಾಗಿದ್ದು ಯಾರೋ ಕಳಿಸಿದ ‘ಆತ್ಮಕ್ಕೆ ಶಾಂತಿ ಸಿಗಲಿ’ ಅನ್ನೋ ಮೆಸೇಜಿಂದ. ಒಂದು ಮಾತೂ ಬರೀದೆ ಗ್ರೂಪ್ ಬಿಟ್ರು. ಈ ಮಗಳನ್ನೇ ಇಲ್ಲಿ ಆಲ್ಬಮ್ ಅತ್ತೆ ಅಂತ ಕರೀತೀನಿ.

ನಾವು ಮೊದಲು ಮಾಡಿದ ತಪ್ಪು, ಗ್ರೂಪಲ್ಲೇ ಕ್ಷಮೆ ಕೇಳಿದ್ದು. ಅವರು ಅಲ್ಲಿ ಇರಲೇ ಇಲ್ಲ, ಆ ಕ್ಷಮೆ ಯಾರಿಗೆ? ಆಮೇಲೆ ಗ್ರೂಪ್ ನೋಡ್ಕೊಳ್ಳೋ ಮಾವ ಎಂಟು ತಿಂಗಳಾದ್ಮೇಲೆ ಧೈರ್ಯ ಮಾಡಿ ಫೋನ್ ಮಾಡಿದ್ರು. ಸಮಜಾಯಿಷಿ ಕೊಡ್ಲಿಲ್ಲ, ತಪ್ಪಾಯ್ತು ಅಂದ್ರು ಅಷ್ಟೇ. ಅದಕ್ಕೆ ಅತ್ತೆ ಹೇಳಿದ ಮಾತು ನಮ್ಮ ಮನೇಲಿ ಈಗ್ಲೂ ಎಲ್ಲರ ಬಾಯಲ್ಲಿದೆ: “ನನಗೆ ಗೊತ್ತಾಗೋಕೆ ಮುಂಚೆ ನಲವತ್ತು ಜನ ಅತ್ತಾಗಿತ್ತು.”

ಆ ಫೋನಾದ್ಮೇಲೆ ಒಂದು ಒಪ್ಪಂದ ಆಯ್ತು. ಸಾವು, ಕಾಯಿಲೆ, ಗರ್ಭಿಣಿ ಅನ್ನೋ ಸುದ್ದಿ, ಮದುವೆ ಮುರಿದಿದ್ದು ಇಂಥದ್ದೆಲ್ಲ ಮೊದಲು ಯಾರಿಗೆ ಸೇರಿದ್ದೋ ಅವರಿಗೆ ಬಾಯಲ್ಲಿ, ಆಮೇಲೆ ಅವರ ಒಡಹುಟ್ಟಿದವರಿಗೆ ಮಕ್ಕಳಿಗೆ ಫೋನಲ್ಲಿ, ಕೊನೆಗೆ ಗ್ರೂಪಿಗೆ, ಅದೂ ಅವರು ‘ಹಾಕಿ’ ಅಂದ್ರೆ ಮಾತ್ರ. ಸುದ್ದಿಗೆ ಮಾತ್ರ ಈ ನಿಯಮ ಅಂದ್ಕೊಂಡಿದ್ವಿ.

ಆ ಫೋಟೋ

ಅಜ್ಜಿಯ ಅಣ್ಣ ಬದುಕಿದ್ದಾಗ ಒಂದ್ಸಲ ಗ್ರೂಪಿಗೆ ಒಂದು ಫೋಟೋ ಕಳಿಸಿದ್ರು. ಆಲ್ಬಮ್ ಪುಟದ ಮೇಲೆ ಫೋನ್ ಹಿಡಿದು ತೆಗೆದಿದ್ದು, ಪ್ಲಾಸ್ಟಿಕ್ ಹಾಳೆ ಮೇಲೆ ಬೆಳಕು ಬಿದ್ದು ಅರ್ಧ ಬಿಳಿಚಿಕೊಂಡಿತ್ತು. ಕುರ್ಚಿ ಮೇಲೆ ಕೂತ ಗಂಡಸು, ಪಕ್ಕದಲ್ಲಿ ನಿಂತ ಹೆಂಗಸು, ಗಂಡಸಿನ ತೊಡೆ ಮೇಲೆ ಎರಡು ವರ್ಷದ ಒಂದು ಮಗು. ಕೆಳಗೆ ಏನೂ ಬರೆದಿರಲಿಲ್ಲ. ಗಂಡಸು ಮುತ್ತಾತ ಅಂತ ಎಲ್ಲರಿಗೂ ಗೊತ್ತಾಯ್ತು, ಅವರ ಬೇರೆ ಫೋಟೋ ಇದೆ. ಯಾರೋ ‘ಹಾಗಾದ್ರೆ ಇದು ಮುತ್ತಜ್ಜಿ ಅಲ್ವಾ’ ಅಂದ್ರು, ಆರೇಳು ಜನ ಹೌದು ಹೌದು ಅಂತ ಹೆಬ್ಬೆರಳು ಒತ್ತಿದ್ರು, ಇನ್ನೊಬ್ಬರು ‘ಮಗು ದೊಡ್ಡಣ್ಣನೇ ಇರ್ಬೇಕು’ ಅಂದ್ರು, ಅಂದ್ರೆ ಫೋಟೋ ಕಳಿಸಿದ ಅಜ್ಜಿಯ ಅಣ್ಣ. ನಾನು ಅವತ್ತು ರಾತ್ರಿನೇ 15ನೇ ನಂಬರಿಗೆ ಆ ಮುಖ ಕತ್ತರಿಸಿ ಅಂಟಿಸಿದೆ. ಎಲ್ಲಿಂದ ಬಂತು ಅನ್ನೋ ಜಾಗದಲ್ಲಿ ‘ಫ್ಯಾಮಿಲಿ ಗ್ರೂಪ್’ ಅಂತ ಬರೆದೆ. ಯಾರು ಹೇಳಿದ್ರು, ಅವರಿಗೆ ಹೇಗೆ ಗೊತ್ತು, ಅವರು ಆಕೆಯನ್ನ ನೋಡಿದ್ರಾ ಏನೂ ಬರೀಲಿಲ್ಲ. ಫೋಟೋ ಕಳಿಸಿದವರೇ ಏನೂ ಉತ್ತರ ಕೊಡ್ಲಿಲ್ಲ ಅನ್ನೋದನ್ನೂ ಗಮನಿಸ್ಲಿಲ್ಲ. ಅವರಿಗೆ ಕಣ್ಣು ಮಂಜಾಗಿತ್ತು, ಮೆಸೇಜ್ ಓದೋದೇ ಅಪರೂಪ.

ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಮನೆಯ ಹುಡುಗನೊಬ್ಬ ಅದನ್ನ ಒಂದು ಆ್ಯಪಲ್ಲಿ ಹಾಕಿ ಕ್ಲಿಯರ್ ಮಾಡಿ ಬಣ್ಣ ತುಂಬಿಸಿದ. ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ ಎಲ್ಲರೂ ಅದನ್ನೇ ಸೇವ್ ಮಾಡ್ಕೊಂಡ್ರು, ‘ಕಣ್ಣು ನೋಡಿ, ಅಜ್ಜಿ ಕಣ್ಣೇ’ ಅಂದ್ರು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು. ಇಂಥ ಆ್ಯಪ್‌ಗಳು ಮಸುಕಾದ ಮುಖವನ್ನ ಸ್ಪಷ್ಟ ಮಾಡ್ವಾಗ ಕಳೆದುಹೋದ ವಿವರವನ್ನ ಫೋಟೋ ಒಳಗಿಂದ ತರೋಕಾಗಲ್ಲ, ಅಲ್ಲಿ ಇಲ್ಲ ಅದು. ಸಾವಿರಾರು ಬೇರೆ ಮುಖಗಳಿಂದ ಕಲಿತಿದ್ದನ್ನ ಇಟ್ಕೊಂಡು ಹೀಗಿರಬಹುದು ಅಂತ ಊಹೆ ಮಾಡಿ ಹೊಸ ಕಣ್ಣು, ಹೊಸ ತುಟಿ ಬರೀತವೆ. ಅಂದ್ರೆ ನಾವು ಹೋಲಿಕೆ ಹುಡುಕಿದ್ದು ಯಾವತ್ತೂ ಹುಟ್ಟಿರದ ಒಂದು ಮುಖದಲ್ಲಿ. ಆ ಹೋಲಿಕೆಯೇ ಎಲ್ಲರ ಅನುಮಾನವನ್ನೂ ಮುಚ್ಚಿಬಿಡ್ತು.

ಅಂಟಿನ ಹಿಂದೆ

ಅಜ್ಜಿಗೆ ಎಂಬತ್ತು ತುಂಬೋ ಹೊತ್ತಿಗೆ ಫೋಟೋಗಳ ಪುಸ್ತಕ ಮಾಡ್ಕೊಡೋಣ ಅಂತ ಅನ್ಕೊಂಡ್ವಿ. ಗ್ರೂಪಲ್ಲಿ ಬಂದ ಫೋಟೋ ಪ್ರಿಂಟಿಗೆ ಆಗಲ್ಲ, ಚಾಟ್ ಆ್ಯಪ್‌ಗಳು ಫೋಟೋನ ಕುಗ್ಗಿಸಿ ಕಳಿಸ್ತವೆ, ಜೊತೆಗೆ ಫೈಲ್ ಒಳಗಿರೋ ತಾರೀಖು ವಿವರಗಳನ್ನೂ ಸಾಮಾನ್ಯವಾಗಿ ಉದುರಿಸಿಬಿಡ್ತವೆ. ಒರಿಜಿನಲ್ ಬೇಕಿತ್ತು. ಅದು ಇದ್ದಿದ್ದು ಅಪ್ಪನ ಸಾಮಾನಿನ ಜೊತೆ ಆಲ್ಬಮ್ ಅತ್ತೆ ಹತ್ರ.

ಮಾವನ ಫೋನಾದ್ಮೇಲೆ ಸಂಬಂಧ ಸ್ವಲ್ಪ ಸರಿ ಹೋಗಿತ್ತು, ಆದ್ರೂ ಕೇಳೋಕೆ ನನಗೆ ಮುಜುಗರ. ಎರಡು ಸಲ ಇಲ್ಲ ಅಂದ್ರು. ಮೂರನೇ ಸಲ ಒಪ್ಕೊಂಡ್ರು, ಎರಡು ಷರತ್ತು ಹಾಕಿ: ಆಲ್ಬಮ್ ಯಾರ ಕೈಗೂ ಕೊಡಲ್ಲ, ಸ್ಕ್ಯಾನ್ ನಾನೇ ಮಾಡ್ತೀನಿ; ಒಂದು ಫೋಟೋನೂ ನನ್ನ ಕೇಳದೆ ಗ್ರೂಪಿಗೆ ಹೋಗಬಾರದು. ಎರಡನೇ ಷರತ್ತು ಆವಾಗ ನನಗೆ ಸ್ವಲ್ಪ ಜಾಸ್ತಿನೇ ಅನ್ನಿಸ್ತು. ಈಗ ಹೇಳ್ತೀನಿ, ಈ ಇಡೀ ಪ್ರಕರಣದಲ್ಲಿ ಯಾರಾದ್ರೂ ತಗೊಂಡ ಅತ್ಯಂತ ಒಳ್ಳೇ ನಿರ್ಧಾರ ಅದೇ.

ಆಲ್ಬಮ್ಮು ಅಂಟು ಪುಟದ್ದು, ಗಟ್ಟಿ ಹಾಳೆ ಮೇಲೆ ಗೋಂದಿನ ಗೆರೆಗಳು, ಮೇಲೊಂದು ಪ್ಲಾಸ್ಟಿಕ್. 1960, 70ರ ದಶಕದಲ್ಲಿ ಮನೆಮನೆಗೂ ಬಂದಂಥವು. ವರ್ಷಗಳಾದಂತೆ ಆ ಗೋಂದು ಹಳದಿಯಾಗಿ ಒಣಗಿ ಫೋಟೋನ ಗಟ್ಟಿಯಾಗಿ ಹಿಡ್ಕೊಂಡುಬಿಡುತ್ತೆ, ಎಳೆದ್ರೆ ಹರಿಯುತ್ತೆ. ಫೋಟೋ ಕಾಪಾಡೋರು ಹೇಳೋದು ಮೇಣ ಹಚ್ಚಿರದ ಹಲ್ಲಿನ ದಾರ ಬಳಸಿ ಅಂತ. ದಾರವನ್ನ ಫೋಟೋ ಮೂಲೆಯ ಕೆಳಗೆ ತೂರಿಸಿ ಗರಗಸದ ಥರ ನಿಧಾನಕ್ಕೆ ಆಕಡೆ ಈಕಡೆ ಎಳೀತಾ ಗೋಂದನ್ನ ಕೊಯ್ಯೋದು, ಎಲ್ಲಾದ್ರೂ ಬಿಗಿ ಅನ್ನಿಸಿದ್ರೆ ಅಲ್ಲಿಗೇ ಬಿಡೋದು. ಮೊದಲು ಪುಟವನ್ನ ಇದ್ದ ಹಾಗೇ ಸ್ಕ್ಯಾನ್ ಮಾಡ್ಕೊಳ್ಳಿ ಅಂದೆ, ಫೋಟೋ ಹಾಳಾದ್ರೆ ಅಷ್ಟಾದ್ರೂ ಉಳಿಯಲಿ ಅಂತ, ಮತ್ತೆ ಯಾವ ಫೋಟೋ ಯಾವುದರ ಪಕ್ಕ ಇತ್ತು ಅನ್ನೋದೂ ಒಂದು ಮಾಹಿತಿನೇ. ಆಮೇಲೆ ಬಿಡಿಸಿದ ಫೋಟೋನ 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ), ಗುಣಮಟ್ಟ ಕಳ್ಕೊಳ್ಳದ ಟಿಫ್ ಫೈಲಾಗಿ, ಮುಂದೆ ಹಿಂದೆ ಎರಡೂ ಕಡೆ.

ಹಿಂದಿನ ಕಡೆ ಸ್ಕ್ಯಾನ್ ಮಾಡಿ ಅಂತ ನಾನು ಹೇಳಿದ್ದು ಸುಮ್ನೆ ಅಭ್ಯಾಸಕ್ಕೆ. ಅತ್ತೆ ಸಂಜೆ ಕಳಿಸಿದ ಫೈಲಲ್ಲಿ ಪೆನ್ಸಿಲಲ್ಲಿ ಎರಡೇ ಪದ ಇತ್ತು.

ದೊಡ್ಡಮ್ಮ, 1936.

ಲೆಕ್ಕ ಹೊಂದಲಿಲ್ಲ

ಮುತ್ತಜ್ಜಿ ಹುಟ್ಟಿದ್ದು 1924, ಶಾಲೆಯ ದಾಖಲೆ ಇದೆ. 1936ರಲ್ಲಿ ಆಕೆಗೆ ಹನ್ನೆರಡು ವರ್ಷ. ಫೋಟೋದಲ್ಲಿ ನಿಂತಿರೋಳು ಹನ್ನೆರಡರ ಹುಡುಗಿ ಅಲ್ಲವೇ ಅಲ್ಲ. ಅಜ್ಜಿಯ ಅಣ್ಣ ಹುಟ್ಟಿದ್ದು 1941, ಹಾಗಾಗಿ ತೊಡೆ ಮೇಲಿನ ಮಗುನೂ ಅವರಲ್ಲ.

ನನಗೆ ಮೊದಲು ಅನ್ನಿಸಿದ್ದು ತಾರೀಖೇ ತಪ್ಪಿರಬೇಕು ಅಂತ. ಮೂರ್ನಾಲ್ಕು ದಿನ ಅದನ್ನೇ ನಂಬೋಕೆ ಕಾರಣ ಹುಡುಕಿದೆ, ಯಾಕಂದ್ರೆ ಆಗ 15ನೇ ನಂಬರ್ ಉಳಿಯುತ್ತಲ್ಲ. ಅಕ್ಷರ ಯಾರದ್ದು? ಅತ್ತೆ ಅಪ್ಪನ ಹಳೇ ಡೈರಿ ಜೊತೆ ಇಟ್ಟು ನೋಡಿದ್ರು, ಅವರದ್ದೇ. ಅಂದ್ರೆ ದೊಡ್ಡವರಾದ್ಮೇಲೆ ಬರೆದಿದ್ದು, 1936 ಅನ್ನೋದು ಅವರು ಕಣ್ಣಾರೆ ಕಂಡಿದ್ದಲ್ಲ, ಯಾರೋ ಹೇಳಿದ್ದು. ವಂಶ ಸಂಶೋಧನೆ ಮಾಡೋರು ಈ ವ್ಯತ್ಯಾಸಕ್ಕೆ ತುಂಬಾ ಬೆಲೆ ಕೊಡ್ತಾರೆ, ನೋಡಿದವರು ಹೇಳಿದ್ದು ಬೇರೆ, ಕೇಳಿದವರು ಹೇಳಿದ್ದು ಬೇರೆ. ಆದ್ರೂ ತನ್ನ ಅಮ್ಮನ ಫೋಟೋ ಹಿಂದೆ ಯಾವ ಮಗ ‘ದೊಡ್ಡಮ್ಮ’ ಅಂತ ಬರೀತಾನೆ?

ಫೋಟೋ ಕಾಗದನೂ ನೋಡಿದ್ವಿ. ಹಿಂಭಾಗ ಪೋಸ್ಟ್‌ಕಾರ್ಡ್ ಥರ, ನಡುವೆ ಗೆರೆ, ಒಂದು ಕಡೆ ವಿಳಾಸ ಇನ್ನೊಂದು ಕಡೆ ಒಕ್ಕಣೆ. ಇಂಥ ನಡುಗೆರೆ ಕಾರ್ಡುಗಳು ಶುರುವಾಗಿದ್ದು 1902ರಲ್ಲಿ ಬ್ರಿಟನ್ನಲ್ಲಿ, ಆಮೇಲೆ ಬೇರೆ ಕಡೆ. ಅದರಿಂದ 1936ಕ್ಕೂ ಸರಿ, 1944ಕ್ಕೂ ಸರಿ. ಪ್ಲಾಸ್ಟಿಕ್ ಪದರ ಇರೋ ಕಾಗದವೂ ಅಲ್ಲ, ಅದು ಬಂದಿದ್ದು 1960ರ ದಶಕದ ಕೊನೆಗೆ, ಹಾಗಾಗಿ ತೀರಾ ಇತ್ತೀಚೆಗೆ ತೆಗೆಸಿದ ಕಾಪಿ ಇರೋ ಸಾಧ್ಯತೆ ಕಮ್ಮಿ. ಕಾಗದ ಇದಕ್ಕಿಂತ ಹೆಚ್ಚು ಹೇಳಲಿಲ್ಲ.

ಉಳಿದಿದ್ದು ಆ ಪದ. ದೊಡ್ಡಮ್ಮ ಅಂದ್ರೆ ಅಮ್ಮನ ಅಕ್ಕ. ಅಪ್ಪನ ಅಣ್ಣನ ಹೆಂಡತಿ. ಕೆಲವು ಮನೇಲಿ ಅಜ್ಜಿನೂ ದೊಡ್ಡಮ್ಮನೇ. ಹಾಗೇ, ಅಪ್ಪನ ಮೊದಲನೇ ಹೆಂಡತಿನ ಎರಡನೇ ಹೆಂಡತಿ ಮಕ್ಕಳು ಏನಂತ ಕರೀತಾರೆ? ಅದೇ ಪದ. ಇಷ್ಟು ಹೊಳೆದಾಗ ಮೈ ಜುಂ ಅಂತು.

ಅಲ್ಲಿಗೆ ನಾನು ಎಂಥಾ ಕೆಲಸ ಮಾಡೋಳಿದ್ದೆ ಅಂದ್ರೆ, ಗ್ರೂಪಿಗೆ ಮೆಸೇಜ್ ಟೈಪ್ ಮಾಡಿಬಿಟ್ಟಿದ್ದೆ. ‘ಎಲ್ಲರಿಗೂ ಒಂದು ದೊಡ್ಡ ಸುದ್ದಿ, ನಮ್ಮ ಮುತ್ತಾತನಿಗೆ’ ಅಂತ ಶುರು. ಷರತ್ತು ನೆನಪಾಗಿ ಕಳಿಸೋ ಮುಂಚೆ ಅತ್ತೆಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ್ರು, “ಅಜ್ಜಿಗೆ ಗೊತ್ತಾ?”

ಅಳಿಸಿದೆ. ಸುದ್ದಿ ಅಂದ್ರೆ ಇವತ್ತು ಆಗಿದ್ದು ಅಂತ ಅಂದ್ಕೊಂಡಿದ್ವಿ. ತೊಂಬತ್ತು ವರ್ಷದ ಹಿಂದಿನದ್ದೂ ಕೇಳೋರಿಗೆ ಇವತ್ತಿನ ಸುದ್ದಿನೇ, ಅದೂ ಯಾರದ್ದೋ ಅಮ್ಮನ ಬಗ್ಗೆ.

ಅಜ್ಜಿ ಹತ್ರ

ಹೇಗೆ ಕೇಳೋದು ಅಂತ ನಾನು ಅತ್ತೆ ಎರಡು ವಾರ ಮಾತಾಡಿದ್ವಿ. ‘ಇದು ನಿಮ್ಮಮ್ಮ ಅಲ್ಲ ಅಲ್ವಾ’ ಅಂತ ಕೇಳಿದ್ರೆ ಉತ್ತರನ ನಾವೇ ಬಾಯಿಗೆ ಇಟ್ಟ ಹಾಗೆ. ಹಾಗಾಗಿ ಹತ್ತು ಫೋಟೋನ ದೊಡ್ಡದಾಗಿ ಕಾಗದದ ಮೇಲೆ ಪ್ರಿಂಟ್ ಮಾಡಿಸಿದ್ವಿ, ಬಣ್ಣ ತುಂಬಿಸಿದ್ದಲ್ಲ, ಸ್ಕ್ಯಾನ್ ಆಗಿದ್ದು ಹೇಗಿತ್ತೋ ಹಾಗೆ, ಈ ಫೋಟೋನ ಏಳನೇದಾಗಿ ಇಟ್ವಿ. ಬೆಳಿಗ್ಗೆ ಹೊತ್ತು, ಅಜ್ಜಿ ಲವಲವಿಕೆಯಿಂದ ಇರೋ ಸಮಯ. ನಾವಿಬ್ಬರೇ. ಪ್ರತಿ ಫೋಟೋಗೂ ಒಂದೇ ಪ್ರಶ್ನೆ: ಇದರಲ್ಲಿ ಯಾರ್ಯಾರಿದ್ದಾರೆ? ರೆಕಾರ್ಡ್ ಮಾಡ್ಕೊಳ್ಳೋಕೆ ಮೊದಲೇ ಒಪ್ಪಿಗೆ ತಗೊಂಡಿದ್ವಿ, ಆದ್ರೆ ಏಳನೇ ಫೋಟೋ ಬಂದಾಗ ಅತ್ತೆ ತಾವೇ ಫೋನ್ ತೆಗೆದು ರೆಕಾರ್ಡಿಂಗ್ ನಿಲ್ಸಿದ್ರು. ಅದು ಮುಂಚೆ ಮಾತಾಡ್ಕೊಂಡಿದ್ದಲ್ಲ.

ಅಜ್ಜಿ ತುಂಬಾ ಹೊತ್ತು ನೋಡಿದ್ರು. “ಅಪ್ಪ. ಇವಳು ದೊಡ್ಡಮ್ಮ. ನಾನು ನೋಡಿಲ್ಲ, ನಾವ್ಯಾರೂ ಹುಟ್ಟೋಕೆ ಮುಂಚೆನೇ ಹೋದ್ಲು. ಇದು ಅಕ್ಕ.” ಆಮೇಲೆ, “ಅಕ್ಕ ಅವಳ ಅಮ್ಮನ ಕಡೆಯೋರ ಮನೇಲಿ ಬೆಳೆದ್ಲು. ಎರಡು ಸಲ ಬಂದಿದ್ಲು. ನನ್ನ ಜಡೆ ಹಾಕಿದ್ಲು.”

ಗ್ರೂಪಲ್ಲಿ ಬಂದಾಗ ಯಾಕೆ ಹೇಳ್ಲಿಲ್ಲ ಅಂತ ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. ಫೋನಲ್ಲಿ ಅಷ್ಟು ಚಿಕ್ಕದಾಗಿ, ಬಣ್ಣ ಬಳಿದು ತೋರಿಸಿದ್ರೆ ನನಗೇನು ಕಾಣುತ್ತೆ ಅಂದ್ರು. ಸ್ವಲ್ಪ ತಡೆದು ಇನ್ನೊಂದು ಕಾರಣ ಹೇಳಿದ್ರು. ಅವರಮ್ಮನಿಗೆ ಬದುಕಿಡೀ ‘ಎರಡನೇಯವಳು’ ಅಂತ ಯಾರಾದ್ರೂ ಅಂದ್ರೆ ನೋವಾಗ್ತಿತ್ತಂತೆ. ಹಾಗಾಗಿ ಮಕ್ಕಳು ಮೂವರೂ ಈ ಮಾತನ್ನ ಮನೆಯಿಂದ ಆಚೆ ತೆಗೀಲೇ ಇಲ್ಲ, ಯಾರೂ ಹೇಳಬೇಡಿ ಅಂತ ಹೇಳಿರಲಿಲ್ಲ, ತಾವೇ ನಿಲ್ಸಿದ್ರು. ಅಣ್ಣ ಮಾತ್ರ ಫೋಟೋ ಇಟ್ಕೊಂಡ, ಹಿಂದೆ ಬರೆದಿಟ್ಟ.

ಅಜ್ಜಿ ಎರಡು ವಿಷಯ ಹೇಳಿದ್ರು. ತಂಗಿಗೆ ನಾನೇ ಹೇಳ್ತೀನಿ, ಅಲ್ಲೀವರೆಗೆ ಯಾರಿಗೂ ಬೇಡ. ಮತ್ತೆ, “ಅಮ್ಮನ ಜಾಗ ಕಮ್ಮಿ ಆಗಬಾರದು.” ತಂಗಿಗೆ ಹೇಳೋಕೆ ಅವರಿಗೆ ಒಂದೂವರೆ ತಿಂಗಳು ಬೇಕಾಯ್ತು. ನನಗೆ ಆ ದಿನಗಳು ಕಷ್ಟ, ತಪ್ಪು ಅಂತ ಗೊತ್ತಿದ್ದೂ ವೃಕ್ಷದಲ್ಲಿ ಹಾಗೇ ಬಿಡೋದು, ಯಾರೋ ಅದೇ ಬಣ್ಣದ ಫೋಟೋನ ಸ್ಟೇಟಸ್ ಹಾಕಿದ್ರೆ ಸುಮ್ನಿರೋದು. ಈಗ ಯೋಚಿಸಿದ್ರೆ ಎಂಬತ್ತು ವರ್ಷ ಹಿಡಿದಿಟ್ಟ ಮಾತಿಗೆ ಒಂದೂವರೆ ತಿಂಗಳು ಏನೇನೂ ಅಲ್ಲ.

ಡಿಎನ್ಎ ವಿಷಯ

ಇದಕ್ಕೂ ಎರಡು ವರ್ಷ ಮುಂಚೆ ಅಜ್ಜಿಯ ಮೊಮ್ಮಗನೊಬ್ಬ ಆಸಕ್ತಿಗೆ ಡಿಎನ್ಎ ಟೆಸ್ಟ್ ಮಾಡಿಸಿದ್ದ. ಅವನ ಪಟ್ಟಿಯಲ್ಲಿ ಒಬ್ಬ ಅಪರಿಚಿತ ಹುಡುಗಿ, ನೂರಿಪ್ಪತ್ತರ ಹತ್ತಿರ ಸೆಂಟಿಮಾರ್ಗನ್ (ಇಬ್ಬರ ನಡುವೆ ಹಂಚಿಕೆಯಾದ ಡಿಎನ್ಎ ಅಳೆಯೋ ಮಾನ) ಹೊಂದಾಣಿಕೆ. ಯಾರೋ ದೂರದ ಸಂಬಂಧ ಅಂತ ಬಿಟ್ಟುಬಿಟ್ಟಿದ್ದ. ಮನೆಯೊಳಗೆ ಎಲ್ಲರಿಗೂ ಹೇಳಿ ಆದ್ಮೇಲೆ ಅವನೇ ಬಂದು ಇದನ್ನ ಹೇಳಿದ.

ಒಬ್ಬರ ಅಜ್ಜಿ, ಇನ್ನೊಬ್ಬರ ಅಜ್ಜಿ ಸ್ವಂತ ಅಕ್ಕತಂಗಿಯರಾದ್ರೆ ಮೊಮ್ಮಕ್ಕಳ ನಡುವೆ ಸರಾಸರಿ 3.125% ಡಿಎನ್ಎ ಹಂಚಿಕೆ ಇರುತ್ತೆ. ಅಪ್ಪ ಒಬ್ಬನೇ, ಅಮ್ಮಂದಿರು ಬೇರೆ ಆದ್ರೆ ಅದರ ಅರ್ಧ, 1.56%. ಇವನ ನೂರಿಪ್ಪತ್ತು ಸೆಂಟಿಮಾರ್ಗನ್ ಹೆಚ್ಚುಕಮ್ಮಿ ಆ ಅರ್ಧಕ್ಕೆ ಕೂತ್ಕೊಳ್ತಿತ್ತು. ಆದ್ರೆ ಅಷ್ಟೇ ಪ್ರಮಾಣ ಬೇರೆ ಸಂಬಂಧಗಳಲ್ಲೂ ಬರುತ್ತೆ, ಉದಾಹರಣೆಗೆ ಒಬ್ಬರಿಗೂ ಅವರ ಎರಡನೇ ಕಸಿನ್ನಿನ (ಮೇಲೆ ಹೇಳಿದ ಸ್ವಂತ ಅಕ್ಕತಂಗಿಯರ ಮೊಮ್ಮಕ್ಕಳ ಥರದ ಸಂಬಂಧ) ಮಗುವಿಗೂ ನಡುವೆ. ಇಷ್ಟು ದೂರದ ಸಂಬಂಧದಲ್ಲಿ ಸರಾಸರಿಯಿಂದ ಏರುಪೇರೂ ಜಾಸ್ತಿ. ಸಂಖ್ಯೆ ಬಾಗಿಲು ತೋರಿಸುತ್ತೆ, ಒಳಗೆ ಯಾರಿದ್ದಾರೆ ಅಂತ ಹೇಳಲ್ಲ.

ಕೆಲವರು ಅಜ್ಜಿಗೇ ಟೆಸ್ಟ್ ಮಾಡಿಸೋಣ ಅಂದ್ರು. ನಾನು ಬೇಡ ಅಂದೆ, ಮಾವನೂ ಬೇಡ ಅಂದ್ರು. ಒಬ್ಬರು ಕೊಟ್ಟ ಎಂಜಲು ಒಬ್ಬರದ್ದೇ ಆಗಿರಲ್ಲ, ಒಡಹುಟ್ಟಿದವರದ್ದು, ಮಕ್ಕಳದ್ದು, ಇನ್ನೂ ಹುಟ್ಟದೇ ಇರೋರದ್ದೂ ಅದರಲ್ಲಿರುತ್ತೆ. 2018ರಲ್ಲಿ ಅಮೆರಿಕದ ಗೋಲ್ಡನ್ ಸ್ಟೇಟ್ ಕಿಲ್ಲರ್ ಅನ್ನೋ ಸರಣಿ ಕೊಲೆ ಪ್ರಕರಣದಲ್ಲಿ ಪೊಲೀಸರು ಆರೋಪಿಯನ್ನ ಹಿಡಿದಿದ್ದು ಅವನ ದೂರದ ಸಂಬಂಧಿಕರ ಡಿಎನ್ಎಯಿಂದ, ಅವನದ್ದು ಆ ಡೇಟಾಬೇಸಲ್ಲಿ ಇರಲೇ ಇಲ್ಲ. 2023ರಲ್ಲಿ ಟ್ವೆಂಟಿಥ್ರೀಆ್ಯಂಡ್‌ಮಿ ಅನ್ನೋ ಡಿಎನ್ಎ ಟೆಸ್ಟ್ ಕಂಪನಿಯಲ್ಲಿ ಕಳ್ಳರು ನೇರವಾಗಿ ಒಳಹೊಕ್ಕಿದ್ದು ಸುಮಾರು 14,000 ಖಾತೆಗಳಿಗೆ, ಆದ್ರೆ ಸಂಬಂಧಿಕರನ್ನ ತೋರಿಸೋ ಫೀಚರ್ ಮೂಲಕ ಸುಮಾರು 69 ಲಕ್ಷ ಜನರ ಮಾಹಿತಿ ಅವರ ಕೈಗೆ ಹೋಯ್ತು. ಅಜ್ಜಿಯ ಮಾತೇ ನಮಗೆ ಸಾಕಿತ್ತು, ಅದಕ್ಕೆ ಇನ್ನೊಂದು ಸಾಕ್ಷಿ ಬೇಕು ಅಂತ ಆಕೆ ದೇಹನ ಕೇಳೋದು ನನಗೆ ಸರಿ ಕಾಣಲಿಲ್ಲ.

ಆ ಹುಡುಗಿಗೆ ಬರೆಯೋದಾ ಬೇಡವಾ ಅನ್ನೋದನ್ನ ಅಜ್ಜಿಗೇ ಬಿಟ್ವಿ. ಅಜ್ಜಿ ಬೇಕು ಅಂದ್ರು, ಆದ್ರೆ ತಕ್ಷಣ, “ಅವರ ಮನೇಲಿ ಗೊತ್ತಿಲ್ದೇ ಇದ್ರೆ?” ಅಂದ್ರು. ನಾವು ಯಾರೂ ಅದನ್ನ ಯೋಚಿಸಿರಲಿಲ್ಲ. ಹಾಗಾಗಿ ಮೆಸೇಜಲ್ಲಿ ಅವರ ಮನೆ ಬಗ್ಗೆ ಏನೂ ಹೇಳ್ಲಿಲ್ಲ. ಮೊಮ್ಮಗ ಬರೆದಿದ್ದು ಇಷ್ಟೇ: ನಮ್ಮಿಬ್ಬರ ಹೊಂದಾಣಿಕೆ ಕಾಣ್ತಿದೆ, ನನ್ನ ಅಜ್ಜಿಗೆ ಕುಟುಂಬದ ಹಳೇ ವಿಷಯ ತಿಳ್ಕೊಳ್ಳೋ ಆಸೆ ಇದೆ, ನಿಮಗೆ ಇಷ್ಟ ಇದ್ರೆ ಮಾತಾಡೋಣ, ಇಲ್ಲದಿದ್ರೆ ಖಂಡಿತ ತೊಂದ್ರೆ ಇಲ್ಲ, ಇನ್ನೊಂದ್ಸಲ ಬರೆಯಲ್ಲ. ಫೋಟೋ ಕಳಿಸ್ಲಿಲ್ಲ, ಮೊದಲನೇ ಹೆಂಡತಿ ಅನ್ನೋ ಪದ ಇರಲಿಲ್ಲ.

ಐದು ವಾರ ಏನೂ ಬರ್ಲಿಲ್ಲ.

ವೃಕ್ಷ, ಮತ್ತೆ ಗ್ರೂಪು

ಆ ಮಧ್ಯೆ ನಾನು ವೃಕ್ಷ ತಿದ್ದಿದೆ. ವಂಶವೃಕ್ಷದ ಸಾಫ್ಟ್‌ವೇರ್‌ಗಳು ಮಾಹಿತಿ ಅದಲುಬದಲು ಮಾಡ್ಕೊಳ್ಳೋ ಫೈಲ್ ವಿಧಾನಕ್ಕೆ ಜೆಡ್ಕಾಮ್ ಅಂತಾರೆ, 1984ರಿಂದ ಇದೆ. ಅದರಲ್ಲಿ ಒಂದು ಒಳ್ಳೇ ಗುಣ ಇದೆ, ಮನುಷ್ಯರಿಗೆ ಒಂದು ದಾಖಲೆ, ಪ್ರತಿ ಜೋಡಿಗೆ ಬೇರೆ ದಾಖಲೆ. ಹಾಗಾಗಿ ಮುತ್ತಾತ ಎರಡು ಕುಟುಂಬಗಳಲ್ಲಿ ನಿಲ್ಲಬಹುದು, ಯಾರನ್ನೂ ಅಳಿಸಬೇಕಿಲ್ಲ. ಮೊದಲ ಕುಟುಂಬಕ್ಕೆ ಹೆಂಡತಿ, ಹೆಸರು ಖಾಲಿ. ಮಗಳು, ಹೆಸರು ಅಜ್ಜಿ ನೆನಪಿಂದ. ಎರಡನೇ ಕುಟುಂಬದಲ್ಲಿ ಮುತ್ತಜ್ಜಿ ತನ್ನ 15ನೇ ನಂಬರಲ್ಲೇ ಇದ್ದಾಳೆ, ಫೋಟೋ ಮಾತ್ರ ಈಗಿಲ್ಲ. ಖಾಲಿ ಚೌಕ ನೋಡಿ ಅಜ್ಜಿಗೆ ಬೇಜಾರಾಗುತ್ತೇನೋ ಅಂದ್ಕೊಂಡಿದ್ದೆ. “ಅಮ್ಮ ಫೋಟೋ ತೆಗೆಸ್ಕೊಂಡೇ ಇರಲಿಲ್ಲ, ಅದೇ ಸರಿ” ಅಂದ್ರು. ಪ್ರತಿ ಸಾಲಿಗೂ ಈಗ ಯಾರು, ಯಾವಾಗ, ಹೇಗೆ ಗೊತ್ತು ಅಂತ ಬರೀತೀನಿ. ಬದುಕಿರೋರ ಹುಟ್ಟಿದ ದಿನ, ವಿಳಾಸ ಹೊರಗಿನವರಿಗೆ ಕಾಣದ ಹಾಗೆ ಮುಚ್ಚಿದೆ.

ಇನ್ನೊಂದು ಸಣ್ಣ ಎಡವಟ್ಟು ಸಿಕ್ತು. ಸಾಫ್ಟ್‌ವೇರ್ ಆ ಫೋಟೋನ ಹೋದ ವರ್ಷದ ಫೋಟೋಗಳ ಜೊತೆ ಜೋಡಿಸಿಟ್ಟಿತ್ತು, ಯಾಕಂದ್ರೆ ಫೈಲ್ ಒಳಗೆ ಇದ್ದಿದ್ದು ಸ್ಕ್ಯಾನ್ ಮಾಡಿದ ತಾರೀಖು. ಕೈಯಾರೆ ಬದಲಾಯಿಸಬೇಕು, ಅಂದಾಜಿದ್ರೆ ಅಂದಾಜು ಅಂತಲೇ ಬರೀಬೇಕು.

ಗ್ರೂಪಿಗೆ ಹೇಳಿದ್ದು ಅಜ್ಜಿಯೇ, ನಾಲ್ಕು ನಿಮಿಷದ ವಾಯ್ಸ್ ಮೆಸೇಜಲ್ಲಿ. ನಾನು ಬರೆದುಕೊಡ್ತೀನಿ ಅಂದಿದ್ದೆ, ಬೇಡ ಅಂದ್ರು. ಹೆಚ್ಚಿನವರು ಸುಮ್ನೆ ಕೇಳಿಸ್ಕೊಂಡ್ರು, ಎಷ್ಟೋ ಜನ ಅಜ್ಜಿಗೇ ಫೋನ್ ಮಾಡಿದ್ರು. ಒಬ್ಬ ಹಿರಿಯರು ಮಾತ್ರ ಇದೆಲ್ಲ ಯಾಕೆ ಬೇಕಿತ್ತು, ಮುಚ್ಚಿದ್ದನ್ನ ಕೆದಕೋದು ತಪ್ಪು ಅಂದ್ರು, ಈಗ್ಲೂ ಹಾಗೇ ಅಂತಾರೆ. ಅವರ ಮಾತಲ್ಲಿ ಸತ್ಯ ಇಲ್ಲ ಅಂತ ನಾನು ಹೇಳಲ್ಲ. ಅಜ್ಜಿ ಬೇಡ ಅಂದಿದ್ರೆ ನಾನು ವೃಕ್ಷದಿಂದ ಆ ಮುಖ ಮಾತ್ರ ತೆಗೆದು, ಕಾರಣ ಬರೀದೆ ಬಿಡ್ತಿದ್ದೆ. ತಪ್ಪು ಹೆಸರು ಇಡೋಕಾಗಲ್ಲ, ಆದ್ರೆ ಬದುಕಿರೋ ಒಬ್ಬರ ಇಷ್ಟದ ವಿರುದ್ಧ ಸರಿ ಹೆಸರು ಸಾರೋಕೂ ಆಗಲ್ಲ.

ಬಣ್ಣದ ಫೋಟೋ ಇನ್ನೂ ಓಡಾಡ್ತಿದೆ, ಅದನ್ನ ವಾಪಸ್ ತರೋ ದಾರಿ ಇಲ್ಲ. ನಾವು ಮಾಡಿದ್ದು, ಒರಿಜಿನಲ್ ಸ್ಕ್ಯಾನಿನ ಕೆಳಗೆ ಬಿಳಿ ಪಟ್ಟಿ ಸೇರಿಸಿ ಯಾರ್ಯಾರು ಅಂತ ಚಿತ್ರದೊಳಗೇ ಬರೆದು ಹಂಚಿದ್ದು. ಫೈಲ್ ಒಳಗಿನ ವಿವರ ಉದುರಿದ್ರೂ ಅದು ಉಳಿಯುತ್ತೆ.

ಇನ್ನೊಂದು ಪ್ರತಿ

ಆರನೇ ವಾರ ಉತ್ತರ ಬಂತು. ಹುಡುಗಿ ಅಲ್ಲ, ಅವಳಮ್ಮ ಬರೆದಿದ್ರು. ಅವರಮ್ಮ, ಅಂದ್ರೆ ತೊಡೆ ಮೇಲಿನ ಆ ಮಗು, ತೀರ್ಕೊಂಡು ಕೆಲವು ವರ್ಷ ಆಗಿದೆ. ಅವರಿಗೆ ಎಲ್ಲ ಗೊತ್ತಿತ್ತು, ಅಮ್ಮ ಆಗಾಗ ಹೇಳ್ತಿದ್ರಂತೆ, ಅಲ್ಲಿ ನನಗೊಬ್ಬಳು ಪುಟ್ಟ ತಂಗಿ ಇದ್ದಾಳೆ, ಕೂದಲು ತುಂಬಾ ದಪ್ಪ ಅಂತ. ಜೊತೆಗೆ ಒಂದು ಫೋಟೋ ಲಗತ್ತಿಸಿದ್ರು. ಅದೇ ಫೋಟೋ, ಅದೇ ನೆಗೆಟಿವಿಂದ ಬಂದ ಇನ್ನೊಂದು ಪ್ರತಿ, ಇದು ಅಂಟು ಆಲ್ಬಮ್ಮಿಗೆ ಬಿದ್ದಿರಲಿಲ್ಲ, ಮುಖಗಳು ಸ್ಪಷ್ಟ. ನಾವು ಕೇಳದೆ ಇದ್ರೂ ಹಿಂಭಾಗನೂ ಕಳಿಸಿದ್ರು. ಅದರಲ್ಲಿ ಮೂರು ಹೆಸರಿತ್ತು.

ಅತ್ತೆಗೆ ಫೋನ್ ಮಾಡಿದೆ, ಇಬ್ಬರೂ ಅಜ್ಜಿ ಹತ್ರ ಹೋದ್ವಿ. ಅಜ್ಜಿ ದೊಡ್ಡಮ್ಮನ ಹೆಸರು ಕೇಳಿದ್ದು ಅದೇ ಮೊದಲು. ಎರಡು ಸಲ ಬಾಯಲ್ಲಿ ಹೇಳಿ ನೋಡಿದ್ರು. ಆಮೇಲೆ ನಮ್ಮ ಪ್ರತಿಯನ್ನ ತರಿಸಿ, ಮೆತ್ತನೆ ಪೆನ್ಸಿಲ್ ಕೇಳಿ, ಅಣ್ಣ ಬರೆದಿದ್ದ ‘ದೊಡ್ಡಮ್ಮ’ ಪಕ್ಕದಲ್ಲಿ ತಾವೇ ಬರೆದ್ರು. ಕೈ ನಡುಗಿ ಕೊನೆ ಅಕ್ಷರ ಸ್ವಲ್ಪ ಕೆಳಗಿಳಿದಿದೆ.

ಆಲ್ಬಮ್ ಅತ್ತೆ ಗ್ರೂಪಿಗೆ ವಾಪಸ್ ಬಂದಿಲ್ಲ. ವಾರಕ್ಕೊಂದು ಫೋಟೋ ಬಿಡಿಸ್ತಾರೆ, ಮುಂದೆ ಹಿಂದೆ ಎರಡೂ ಸ್ಕ್ಯಾನ್ ಮಾಡಿ ನನಗೆ ಕಳಿಸ್ತಾರೆ, ಕೆಳಗೆ ಯಾರಿಗೆ ಮೊದಲು ತೋರಿಸಬೇಕು ಅಂತ ಒಂದು ಹೆಸರು ಬರೆದಿರ್ತಾರೆ. ಈ ವಾರದ್ದರಲ್ಲಿ ನಾಲ್ಕು ಹೆಣ್ಮಕ್ಕಳಿದ್ದಾರೆ, ಮೂವರು ಯಾರು ಅಂತ ಗೊತ್ತಾಗಿದೆ. ನಾಲ್ಕನೇಯವಳನ್ನ ಅಜ್ಜಿಯ ತಂಗಿಗೆ ತೋರಿಸೋಕೆ ಭಾನುವಾರ ಹೋಗ್ತಿದೀನಿ.